ಒಟೀಲಿ ಅತ್ತೆ ಬರೆದ ಕಣ್ಣು

ಸಂಗ್ರಾಹಕರ ಸಂಘದವರು ಬಾಗಿಲೊಳಗೆ ಕಾಲಿಡುವುದಕ್ಕೂ ಎಗೋನ್ ರೋಡೆ ಹಸಿಮಣ್ಣಿನ ಟೋಪಿಗಳ ಹಲಗೆಯ ಮೇಲೆ ಕೂರುವುದಕ್ಕೂ ಸರಿಹೋಯಿತು. ಗಡಬಡಿಸಿ ಎದ್ದು ಎಲ್ಲರ ಕೈಕುಲುಕಿದ. ತೋಟದಲ್ಲಿ ನಿಲ್ಲಿಸುವ ಗಡ್ಡದ ಬೊಂಬೆಗಳನ್ನು, ಕುಳ್ಳಪ್ಪಗಳನ್ನು, ಮಾಡುವ ಮನೆತನದಲ್ಲಿ ತಾನು ನಾಲ್ಕನೆಯ ತಲೆಮಾರು ಎಂದು ಗಡ್ಡ ನೀವಿಕೊಂಡು ಹೇಳಿದ. ಆಮೇಲೆ ಬೊಂಬೆ ಸುಡುವ ಆವಿಗೆಯನ್ನು ತೋರಿಸಲು ತಿರುಗಿದ. ಅವನ ಪ್ಯಾಂಟಿನ ಹಿಂಬದಿಗೆ ಎರಡು ಚೂಪು ಟೋಪಿಗಳು ಅಂಟಿಕೊಂಡಿದ್ದವು.

"ಇದು ಹೊಸ ಮಾದರಿಯೇನು?" ಎಂದರು ಸಂಘದ ಅಧ್ಯಕ್ಷ ಡೆಪ್ನರ್.

ಕಿಟಕಿಯ ಪಕ್ಕದ ಮೇಜಿನಿಂದ ಎಗೋನನ ಸೋದರತ್ತೆ ಒಟೀಲಿ ತಲೆಯೆತ್ತದೆ ಉತ್ತರಿಸಿದಳು. "ಹಳೇದೇ. ಇವನಪ್ಪನೂ ಅದರ ಮೇಲೆ ಕೂತಿದ್ದ."

ಆ ಮೇಜಿನ ಮುಂದೆ ಅವಳು ಹದಿನಾರನೆಯ ವಯಸ್ಸಿಗೆ ಕೂತವಳು. ಈಗ ಎಪ್ಪತ್ತೈದು. ಮಣ್ಣು ಕಲಸುವವರು, ಅಚ್ಚಿಗೆ ಹೊಯ್ಯುವವರು, ಗಡ್ಡಕ್ಕೆ ಬಿಳಿ ಬಳಿಯುವವರು ಬಂದರು, ಹೋದರು. ಕಣ್ಣು ಬರೆಯುವ ಕೆಲಸ ಮಾತ್ರ ಅವಳದೇ. ಅವಳ ಕುಂಚದ ಎರಡು ಚುಕ್ಕೆ ಬೀಳುವವರೆಗೆ ಕುಳ್ಳಪ್ಪ ಬರೀ ಸುಟ್ಟ ಮಣ್ಣು.

ಅವಳು ಕೆಲಸಕ್ಕೆ ಸೇರಿದ ಮರುವರ್ಷವೇ, ಕುಳ್ಳಪ್ಪ ಸಿರಿವಂತರ ಬಾಲಬಡುಕ, ದುಡಿಯುವವರ ನಾಡಿನಲ್ಲಿ ಅವನಿಗೆ ಜಾಗವಿಲ್ಲ ಎಂದು ಮೇಲಿನ ಕಮ್ಯುನಿಸ್ಟ್ ಸರ್ಕಾರದಿಂದ ಅಪ್ಪಣೆಯಾಯಿತು. ಅವಳಪ್ಪ ಅಚ್ಚುಗಳನ್ನೆಲ್ಲ ಮೊಲದ ಗೂಡಿನ ಕೆಳಗೆ ಹೂತಿಟ್ಟ. ಕೆಲವು ವರ್ಷಗಳ ಮೇಲೆ, ಗಡಿಯಾಚೆ ಪಶ್ಚಿಮದ ಜರ್ಮನರು ಇದೇ ಕುಳ್ಳಪ್ಪನಿಗೆ ಗಟ್ಟಿ ದುಡ್ಡು ಕೊಡುತ್ತಾರೆಂದು ಅದೇ ಮೇಲಿನವರಿಗೆ ಗೊತ್ತಾಯಿತು. ಲಾರಿಗಟ್ಟಲೆ ಬೇಕೆಂದರು. ಬಾಲಬಡುಕ ರಾತ್ರಿ ಬೆಳಗಾಗುವುದರಲ್ಲಿ ದೇಶಸೇವಕನಾದ. ಅಪ್ಪ ಗುದ್ದಲಿ ಹಿಡಿದು ಹೊರಟಾಗ ಒಟೀಲಿ ಕೇಳಿದ್ದು ಒಂದೇ ಮಾತು: "ಮೊಲಗಳನ್ನ ಕೇಳಿದೀಯಾ?" ಆಮೇಲೆ ಬರ್ಲಿನ್ನಿನ ಗೋಡೆ ಬಿತ್ತು, ಪ್ಲಾಸ್ಟಿಕ್ ಕುಳ್ಳಪ್ಪಗಳು ಅಂಗಡಿಗಳಲ್ಲಿ ಗುಡ್ಡೆಬಿದ್ದವು. ರೋಡೆಯವರ ಮಣ್ಣಿನ ಕುಳ್ಳಪ್ಪನನ್ನು ಕೊಳ್ಳಲು ಉಳಿದವರು ಸಂಗ್ರಾಹಕರು ಮಾತ್ರ.

ಹೊರಡುವ ಮುನ್ನ ಡೆಪ್ನರ್ ಎಗೋನನನ್ನು ಪಕ್ಕಕ್ಕೆ ಕರೆದರು. "ಎರಡು ವರ್ಷದಿಂದ ನೋಡ್ತಾ ಇದೀನಿ. ನಿಮ್ಮ ಕುಳ್ಳಪ್ಪಗಳು ನೆಟ್ಟಗೆ ನೋಡ್ತಿಲ್ಲ. ಎಲ್ಲವೂ ಓರೆಗಣ್ಣು. ಸಂಘ ವರ್ಷಕ್ಕೊಂದು ಮಾಡಿಸೋ 'ವರ್ಷದ ಕುಳ್ಳಪ್ಪ' ಇಲ್ಲೇ ಆಗಬೇಕು ಅಂದ್ರೆ ಕಣ್ಣು ಬರೆಯೋರನ್ನ ಬದಲಾಯಿಸಿ."

'ವರ್ಷದ ಕುಳ್ಳಪ್ಪ'ನ ಕೆಲಸ ಕೈತಪ್ಪಿದರೆ ಆವಿಗೆಗೆ ಬೆಂಕಿಯಿಲ್ಲ. ಅದನ್ನು ಉಳಿಸಿಕೊಂಡರೆ ಅತ್ತೆಗೆ ಕುರ್ಚಿಯಿಲ್ಲ. ಎಗೋನನಿಗೆ ಅದು ಬಾಯಲ್ಲಿಟ್ಟುಕೊಂಡ ಬಿಸಿತುಪ್ಪವಾಯಿತು. ಭಾನುವಾರದ ಊಟಕ್ಕೆ ಅವಳು ಮನೆಗೆ ಬಂದಾಗ ಹೇಳಿಬಿಡಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡ. ಮೂರು ಸಲವೂ ಅವಳು "ಸಿಕ್ಕಿಕೊಂಡಿತೇನೋ?" ಎಂದು ಅವನ ಬೆನ್ನಿಗೆ ಗುದ್ದಿ ಇನ್ನೊಂದು ಆಲೂಗಡ್ಡೆ ಕಡುಬು ಬಡಿಸಿದಳು.

ಆದರೆ ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಕೆಲಸ ಸಾಕು, ಹೋಗು ಎಂದು ರೋಡೆಯವರ ಕಾರ್ಖಾನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಹೋಗಬೇಕಾದವರ ಮುಖವನ್ನೇ ಇಟ್ಟು ಒಂದು ಕುಳ್ಳಪ್ಪನನ್ನು ಮಾಡಿ ಅವರ ಮೇಜಿನ ಮೇಲಿಡುವುದು ಅಜ್ಜನ ಕಾಲದ ರೂಢಿ. ಅದನ್ನು ಕಂಡವರು ಎಲ್ಲರ ಕೈಕುಲುಕಿ, ಕುಳ್ಳಪ್ಪನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆಯುತ್ತಿದ್ದರು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ.

ಅತ್ತೆ ಇಗರ್ಜಿಗೆ ಹೋದ ಭಾನುವಾರಗಳಲ್ಲಿ ಎಗೋನ್ ಹಸಿಮಣ್ಣಿನಲ್ಲಿ ಅವಳ ಮುಖವನ್ನು ತಿದ್ದಿದ. ಮೂಗೊಂದಕ್ಕೇ ಮೂರು ವಾರ ಹಿಡಿಯಿತು. ಆಲೂಗಡ್ಡೆಯಂಥ ಆ ಮೂಗು ರೋಡೆ ಮನೆತನದ ಆಸ್ತಿ, ಅವನ ಮುಖದ ಮೇಲೂ ಇತ್ತು. ಗಡ್ಡವಿಲ್ಲದ ಕುಳ್ಳಪ್ಪ ಈ ಗೇಟು ದಾಟಕೂಡದು ಎಂಬುದೂ ಅಜ್ಜನ ಕಟ್ಟಳೆಯೇ ಆದ್ದರಿಂದ ಒಂದು ಗಡ್ಡವನ್ನೂ ಅಂಟಿಸಿದ. ಸುಟ್ಟು, ಬಣ್ಣ ಬಳಿದು ಹೆಂಡತಿಗೆ ತೋರಿಸಿದ.

"ಚೆನ್ನಾಗಿದೆ," ಎಂದಳು ಮಾರ್ಗಿಟ್. "ಕಣ್ಣು ಯಾರು ಬರೀತಾರೆ?"

ಎಗೋನ್ ಹಲಗೆಯ ಮೇಲೆ ಕೂತುಬಿಟ್ಟ. ಈ ಸಲ ಅದರ ಮೇಲೆ ಟೋಪಿಗಳಿರಲಿಲ್ಲ, ಅದೊಂದು ಪುಣ್ಯ.

ಬೇರೆ ದಾರಿ ತೋಚದೆ, ಮರುದಿನ ಅದನ್ನು ಕಣ್ಣಿಗೆ ಕಾದಿದ್ದ ಮೂವತ್ತು ಕುಳ್ಳಪ್ಪಗಳ ನಡುವೆ ತೂರಿಸಿದ. ಆವಿಗೆಯ ಹಿಂದೆ ನಿಂತು ಇಣುಕಿದ. ಅತ್ತೆ ಒಂದೊಂದನ್ನೇ ಎತ್ತುತ್ತಾ, ಚುಕ್ಕೆಯಿಡುತ್ತಾ ಬಂದಳು. ಹದಿನೇಳನೆಯದಕ್ಕೆ ಬಂದಾಗ ಕುಂಚ ಕೆಳಗಿಟ್ಟಳು. ಎಗೋನ್ ಆವಿಗೆಯ ಹಿಂದೆ ಇನ್ನಷ್ಟು ಕುಗ್ಗಿದ. ಅವಳು ಇನ್ನೂ ಸಣ್ಣದೊಂದು ಕುಂಚ ಹುಡುಕಿಕೊಂಡಳು, ಎರಡು ಚುಕ್ಕೆಯಿಟ್ಟಳು, ಹದಿನೆಂಟನೆಯದನ್ನು ಎತ್ತಿಕೊಂಡಳು.

ಗೆದ್ದೆ ಎಂದುಕೊಂಡ ಎಗೋನ್ ಊಟಕ್ಕೆ ಹೋಗಿ ಬಂದ. ಬಾಗಿಲಲ್ಲೇ ಆವಿಗೆ ನೋಡಿಕೊಳ್ಳುವ ಗೆರೋಲ್ಡ್ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು. "ಇಷ್ಟು ಬೇಗ ಹೋಗ್ತೀರಿ ಅಂದ್ಕೊಂಡಿರ್ಲಿಲ್ಲ, ಯಜಮಾನ್ರೇ. ಐವತ್ತೆರಡು ಒಂದು ವಯಸ್ಸೇ?"

ಆ ಹದಿನೇಳನೆಯ ಕುಳ್ಳಪ್ಪ ಎಗೋನನ ಮೇಜಿನ ಮೇಲೆ ನಿಂತಿದ್ದ. ಅವನ ಕಣ್ಣಿನಲ್ಲಿ ಓರೆಯ ಸುಳಿವೇ ಇರಲಿಲ್ಲ. ನೆಟ್ಟಗೆ, ದಾರ ಹಿಡಿದಂತೆ, ಎಗೋನನನ್ನೇ ನೋಡುತ್ತಿದ್ದ.

ಅದನ್ನೆತ್ತಿಕೊಂಡು ಎಗೋನ್ ಕಿಟಕಿಯ ಬಳಿಗೆ ಓಡಿದ. "ಅತ್ತೆ! ನಿಮಗೆ ನೆಟ್ಟಗೆ ಬರೆಯೋಕೆ ಬರುತ್ತೆ!"

"ಬರದೆ ಏನು? ಅರವತ್ತು ವರ್ಷ ಕಡಲೆಕಾಯಿ ಸುಲಿದೆನಾ?"

"ಮತ್ತೆ ಮಿಕ್ಕಿದ್ದೆಲ್ಲ ಯಾಕೆ ಓರೆ?"

"ಮೊದಲು ಅವು ತೋಟದಲ್ಲಿರ್ತಿದ್ವು ಕಣೋ. ಎದುರಿಗೆ ಬೀದಿ, ಬೆಕ್ಕು, ಅಂಚೆಯವನು. ಈಗ ಈ ಸಂಗ್ರಾಹಕರು ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸ್ತಾರೆ. ಎದುರಿಗೆ ಕಾಣೋದು ಡೆಪ್ನರ್ ಮುಖ ಒಂದೇ. ಅದಕ್ಕಿಂತ ಪಕ್ಕದವನನ್ನಾದ್ರೂ ನೋಡ್ಕೊಂಡಿರ್ಲಿ ಅಂತ."

ಎಗೋನ್ ಡೆಪ್ನರ್‌ಗೆ ಫೋನ್ ಮಾಡಿದ. ಮುಖದ ವಿಷಯ ನುಂಗಿಕೊಂಡು ಮಿಕ್ಕಿದ್ದೆಲ್ಲ ಹೇಳಿದ. ಆ ಕಡೆ ಬೀರುವಿನ ಬಾಗಿಲು ಕಿರುಗುಟ್ಟಿತು. ಯಾವುದನ್ನೋ ಎತ್ತಿ ಯಾವುದರದೋ ಪಕ್ಕದಲ್ಲಿ ಇಟ್ಟ ಸದ್ದು. ಡೆಪ್ನರ್ ಮತ್ತೆ ಮಾತಾಡಿದಾಗ ದನಿ ಮೆತ್ತಗಾಗಿತ್ತು. "ಹರಟೆ ಹೊಡೀತಿರೋ ಹಾಗಿದೆ, ರೋಡೆಯವರೇ. ಆದರೆ ಎಲ್ಲವೂ ಎಡಕ್ಕೇ ನೋಡ್ತವೆ. ವರ್ಷದ ಕುಳ್ಳಪ್ಪನನ್ನ ಜೋಡಿ ಮಾಡಿ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಅದೇ ಕೈಯೇ ಬರೀಬೇಕು."

ಎಗೋನ್ ಸುದ್ದಿ ಹೇಳಿದಾಗ ಅತ್ತೆ ಹೂಂಗುಟ್ಟಿ ಕುಂಚ ತೊಳೆಯತೊಡಗಿದಳು. ಅವನ ಕಂಕುಳಲ್ಲಿ ಕುಳ್ಳಪ್ಪ ಇನ್ನೂ ಇದ್ದ. ಕೇಳಬಾರದಿತ್ತು, ಆದರೂ ತಡೆಯಲಾಗಲಿಲ್ಲ.

"ಅತ್ತೆ, ನಿಜ ಹೇಳಿ. ಇವನ ಮುಖ ಯಾರದು ಅಂತ ನಿಮಗೆ ಗೊತ್ತಾಗ್ಲಿಲ್ವಾ?"

ಒಟೀಲಿ ಅತ್ತೆ ಕನ್ನಡಕ ಏರಿಸಿಕೊಂಡು ಕುಳ್ಳಪ್ಪನನ್ನೊಮ್ಮೆ ನೋಡಿದಳು, ಸೋದರಳಿಯನನ್ನೊಮ್ಮೆ ನೋಡಿದಳು.

"ನಮ್ಮಿಬ್ಬರಲ್ಲಿ ಗಡ್ಡ ಇರೋದು ಯಾರಿಗೆ?"