ಕೆಂಪು ನೀರು ಮತ್ತು ಬೀಗರು ತಂದ ಗಂಟೆ

ಇದನ್ನು ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಏನಾದರೊಂದು ಅಡ್ಡ ಬರುತ್ತದೆ. ಕನ್ನಡಕ ಸಿಗುವುದಿಲ್ಲ, ಪೆನ್ನು ನಡೆಯುವುದಿಲ್ಲ, ಇಲ್ಲವೇ ನಿದ್ದೆ ಬರುತ್ತದೆ. ನಿಜ ಹೇಳಬೇಕೆಂದರೆ ಅಡ್ಡ ಬಂದವನು ನಾನೇ.

ಬ್ಯಾಡಗಿಯ ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಅದನ್ನು ಮೋಟರ್ ಹಚ್ಚಿ ಮಾಳಿಗೆಯ ಮೇಲಿನ ಟಾಕಿಗೆ ಏರಿಸುವುದು ಮನೆಯಲ್ಲಿ ನನ್ನ ಕೆಲಸ. ಸ್ವಿಚ್ಚಿನ ಮೇಲೆ ಗೋಡೆಗೆ ನಾನೇ ದುಂಡಗೆ ಬರೆದಿದ್ದೆ: 'ಮೋಟರ್ ಬಂದ್ ಮಾಡಲು ಮರೆಯಬಾರದು.' ಎಸ್ಸೆಸ್ಸೆಲ್ಸಿ ಪಾಸಾದವನ ಅಕ್ಷರ, ಬೀದಿಯಿಂದಲೇ ಓದಬಹುದು.

ಕೆಳಗಿನ ಕೋಣೆಯಲ್ಲಿ ನನ್ನ ಸೊಸೆಯ ಹೊಲಿಗೆ ಅಂಗಡಿ. ರಾಣೆಬೆನ್ನೂರಿನಿಂದಲೂ ಹೆಂಗಸರು ಮದುವೆಯ ರೇಷ್ಮೆ ತಂದು ಆಕೆಯ ಕೈಗೆ ಕೊಡುತ್ತಿದ್ದರು. ಊರಲ್ಲಿ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನನ್ನ ಸೊಸೆ ಯಾವುದನ್ನೂ ಮರೆಯುವುದಿಲ್ಲ, ಒಂದು ಹುಕ್ಕನ್ನೂ, ಕೊಟ್ಟ ಮಾತಿನ ದಿನವನ್ನೂ. ಆಕೆಯ ಅಂಗಡಿ ನಡೆಯುತ್ತಿದ್ದದ್ದು ಆ ಒಂದು ಹೆಸರಿನ ಮೇಲೆ.

ಅವತ್ತು ಆಕೆ ಬಟ್ಟೆ ತರಲು ಬೆಳಗಿನ ಬಸ್ಸಿಗೆ ಹಾವೇರಿಗೆ ಹೋಗಿದ್ದಳು. ಮಗ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಹೋಗಿದ್ದ. ಹತ್ತಕ್ಕೆ ನೀರು ಬಂತು. ಮೋಟರ್ ಹಚ್ಚಿದೆ, ಟಾಕಿ ತುಂಬಲು ಅರ್ಧ ತಾಸು ಬೇಕು, ಅಷ್ಟರೊಳಗೆ ಗಡ್ಡ ಮಾಡಿಸಿಕೊಂಡು ಬರೋಣ ಎಂದು ಓಣಿಯ ತುದಿಯ ಕ್ಷೌರದ ಅಂಗಡಿಗೆ ಹೋದೆ. ಅಲ್ಲಿ ಮೆಣಸಿನಕಾಯಿಯ ಮಾತು ಎದ್ದಿತ್ತು. ನಮ್ಮ ಊರಲ್ಲಿ ಅದು ಎದ್ದರೆ ಲಗೂ ಕೂರುವುದಿಲ್ಲ. ಈ ವರ್ಷದ ಕಾಯಿಗೆ ಬಣ್ಣವೇ ಇಲ್ಲ ಎಂದು ನಾನು ವಾದಕ್ಕೆ ಬಿದ್ದೆ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ಸೋಪು ಹಚ್ಚಿತ್ತು, ಆಗ ಯಾರೋ ಬಾಗಿಲಲ್ಲಿ ಇಣುಕಿ, ನಿಮ್ಮ ಮನೆಯ ಮೆಟ್ಟಿಲ ಮೇಲೆ ಕೆಂಪು ನೀರು ಹರಿಯುತ್ತಿದೆ ಎಂದರು.

ಸೋಪಿನ ಸಮೇತ ಓಡಿದೆ. ವರ್ಷದ ಖಾರಕ್ಕೆಂದು ಮಾಳಿಗೆಯ ಮೇಲೆ ಕಾಯಿ ಒಣಹಾಕಿದ್ದೆವು. ಟಾಕಿ ತುಂಬಿ ಸುರಿದ ನೀರಿನಲ್ಲಿ ಅವು ತೇಲಿ ಹೋಗಿ ನೀರು ಇಳಿಯುವ ತೂತಿಗೆ ಬೂಚು ಹಾಕಿದಂತೆ ಕೂತಿದ್ದವು. ನೀರು ಬೇರೆ ದಾರಿ ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ನುಗ್ಗಿತ್ತು. ಬಣ್ಣವಿಲ್ಲ ಎಂದು ನಾನು ಸಾಧಿಸುತ್ತಿದ್ದ ಕಾಯಿ ಗೋಡೆಗೆ, ನೆಲಕ್ಕೆ, ಅಸ್ತರಿನ ಬಟ್ಟೆಗೆಲ್ಲ ಬಣ್ಣ ಕೊಟ್ಟಿತ್ತು. ಎರಡು ಹೊಲಿಗೆ ಯಂತ್ರಗಳ ಮೋಟರು ನೀರಲ್ಲಿದ್ದವು. ಗಿರಾಕಿಗಳ ರೇಷ್ಮೆಯನ್ನು ಮಾತ್ರ ಸೊಸೆ ಮೇಲಿನ ಕಪಾಟಿನಲ್ಲಿಟ್ಟು ಹೋಗಿದ್ದಳು. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ.

ಓಣಿ ಸೇರಿತು. ಕ್ಷೌರದವನೂ ಕತ್ತಿ ಹಿಡಿದುಕೊಂಡೇ ಹಿಂದೆ ಬಂದಿದ್ದ. "ಏನ್ ಆತ್ರಿ?" ಎಂದ.

"ನಮ್ಮ ಸೊಸಿ ಮೋಟರ್ ಹಚ್ಚಿ ಮರ್ತು ಹೋಗ್ಯಾಳ" ಎಂದೆ.

ಸುಳ್ಳು ಸೋಪಿನಂತೆ ನುಣ್ಣಗೆ ಜಾರಿತು. ಉಳಿದರ್ಧ ಗಡ್ಡವನ್ನು ಅವನು ನಮ್ಮ ಕಟ್ಟೆಯ ಮೇಲೇ ಮುಗಿಸಿದ. ಮುಗಿಯುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಎರಡು ದಿನದಲ್ಲಿ ಮೂವರು ಹೆಂಗಸರು ಬಂದು, ಆಮೇಲೆ ಹೊಲಿಸುತ್ತೇವೆ ಎಂದು ರೇಷ್ಮೆ ವಾಪಸು ಒಯ್ದರು. ಮೋಟರ್ ಮರೆಯುವವಳು ಅಳತೆ ಮರೆಯುವುದಿಲ್ಲವೇ?

ಯಂತ್ರಕ್ಕೆ ಸಾಲ ಕೊಡುವಾಗ ಬ್ಯಾಂಕಿನವರು ಅಂಗಡಿಗೆ ವಿಮೆ ಮಾಡಿಸಿದ್ದರು. ಪರಿಹಾರದ ಅರ್ಜಿ ಬರೆಯಲು ನಾನೇ ಕೂತೆ. ಸೊಸೆ ಹೇಳಿದಳು, "ಮಾವಾರ, ಟಾಕಿ ತುಂಬಿ ಹರದೈತಿ ಅಂತನ ಬರೀರಿ." ಹಾಗೆ ಬರೆದರೆ ತುಂಬಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತದಲ್ಲ. ನಾನು 'ಅಕಾಲಿಕ ಮಳೆಯ ರುದ್ರಾವತಾರದಿಂದ' ಎಂದು ಶುರುಮಾಡಿ ಒಂದೂವರೆ ಪುಟ ಬರೆದೆ. ಮಾವ ಬರೆದದ್ದೆಂದು ಆಕೆ ಓದದೆ ಸಹಿ ಮಾಡಿದಳು.

ಹಾನಿ ನೋಡಲು ಹಾವೇರಿಯಿಂದ ಸರ್ವೇಯರ್ ಬಂದರು. ಗೋಡೆಯ ಕೆಂಪನ್ನು ಬೆರಳಿಂದ ಉಜ್ಜಿದರು, ಮೂಸಿದರು, ಮರೆತು ಅದೇ ಬೆರಳಿಂದ ಕಣ್ಣು ಒರೆಸಿಕೊಂಡರು. ಮುಂದಿನ ವಿಚಾರಣೆಯನ್ನೆಲ್ಲ ಅವರು ಅಳುತ್ತಲೇ ನಡೆಸಿದರು. ನೀರು ಎಷ್ಟು ಗಂಟೆಗೆ ಬಂತು ಎಂದು ಕೇಳಿದರು, ಹತ್ತಕ್ಕೆ ಎಂದೆ. ಅದು ನಲ್ಲಿ ನೀರಿನ ವೇಳೆ ಎಂಬುದು ನನಗೆ ಹೊಳೆಯಲಿಲ್ಲ, ಅವರಿಗೆ ಹೊಳೆಯಿತು.

"ಯಜಮಾನ್ರ, ದೀಪಾವಳಿ ಆದಮ್ಯಾಲ ಈ ಕಡೆ ಒಂದು ಹನಿ ಮಳಿ ಆಗಿಲ್ಲ. ಮಳ್ಯಾಗ ಮೆಣಸಿನಕಾಯಿ ಒಣಹಾಕವ್ರನ್ನ ನಾ ಇವತ್ತ ನೋಡಿದ್ದು."

ನಾನು ಸೊಸೆಯ ಕಡೆ ಕೈ ಮಾಡಿದೆ. "ಆಕಿ ಮೋಟರ್ ಬಂದ್ ಮಾಡೂದು ಮರ್ತಾಳ್ರಿ. ಮನಿ ಮರ್ಯಾದಿ ಅಂತ ಮಳಿ ಅಂತ ಬರದೆ."

ಆಕೆ ನನ್ನನ್ನು ಒಮ್ಮೆ ನೋಡಿದಳು. "ಹೌದ್ರಿ ಸರ, ನಾನ ಮರ್ತೆ" ಎಂದಳು.

ಸರ್ವೇಯರ್ ಕಾಗದ ತಿರುವಿದರು. ಹಾವೇರಿಯ ಬಟ್ಟೆ ಬಿಲ್ಲಿಗೆ ಆಕೆ ಅವತ್ತಿನ ಬಸ್ಸಿನ ಫ್ರೀ ಟಿಕೆಟನ್ನೂ ಪಿನ್ ಹಚ್ಚಿಟ್ಟಿದ್ದಳು. ಹೆಂಗಸರು ಇಳಿಯುವಾಗ ಬಿಸಾಡಿ ಹೋಗುವ ಚೀಟಿ ಅದು. ಏಳೂವರೆ ಎಂದು ಅದರ ಮೇಲಿತ್ತು. ಅವರು ಟಿಕೆಟಿನ ಫೋಟೊ ತೆಗೆದರು. ಆಮೇಲೆ ಗೋಡೆಯ ಮೇಲಿನ ನನ್ನ ದುಂಡಕ್ಷರದ ಫೋಟೊ ತೆಗೆದರು.

"ಟಾಕಿ ತುಂಬಿ ಹರಿದ್ರ ಪಾಲಿಸಿನ್ಯಾಗ ಐತ್ರಿ. ಯಾರು ಮರ್ತ್ರು ಅನ್ನೂದು ಕಂಪನಿಗೆ ಬ್ಯಾಡ. ಸುಳ್ಳ ಬರದ್ರ ಮಾತ್ರ ಏನೂ ಬರೂದಿಲ್ಲ. ಇನ್ನೊಂದು ಅರ್ಜಿ ಬರದು ಕೊಡ್ರಿ."

ಬರೆದೆ. 'ಮೋಟರ್ ಹಚ್ಚಿದ್ದು ನಾನು, ಮರೆತದ್ದು ನಾನು, ಮಳೆ ಎಂದು ಬರೆದದ್ದೂ ನಾನು.' ನನ್ನ ಜೀವಮಾನದ ಅತಿ ಸಣ್ಣ ಅರ್ಜಿ. ಎರಡು ತಿಂಗಳಿಗೆ ವಿಮೆ ಬಂತು, ಹೊಸ ಯಂತ್ರಗಳೂ ಬಂದವು. ಸೊಸೆಗೆ ಒಂದು ದಿನ ಚಹಾ ಕುಡಿಯುವಾಗ, ತಪ್ಪಾಯಿತವ್ವಾ ಎಂದೆ. ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನನಗ ಇರಲಿ ಬಿಡ್ರಿ ಮಾವಾರ. ನಮ್ಮಪ್ಪಗ ಒಂದು ಮಾತು ಹೇಳ್ರಿ."

ಯಾಕೆಂದರೆ ಅಷ್ಟರಲ್ಲಿ ಆಕೆಯ ಅಪ್ಪ ಬಂದು ಹೋಗಿದ್ದರು. ಕ್ಷೌರದ ಅಂಗಡಿಯ ಸುದ್ದಿ ಅವರ ಊರನ್ನೂ ಮುಟ್ಟಿತ್ತು. ರಾಣೆಬೆನ್ನೂರಿಗೆ ಹೋಗಿ, ಟಾಕಿ ತುಂಬಿದರೆ ಹೊಡೆದುಕೊಳ್ಳುವ ಒಂದು ಗಂಟೆ ಕೊಂಡು, ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ನನಗಿಂತ ಹಿರಿಯರು. ಹೊಸಿಲೊಳಗೆ ಬಂದವರೇ ಕೈ ಮುಗಿದು, "ಮಗಳಿಗೆ ಬುದ್ಧಿ ಕಲಿಸೂದ್ರಾಗ ನಾವ ಕಡಿಮಿ ಬಿದ್ವಿ, ಹೊಟ್ಟ್ಯಾಗ ಹಾಕ್ಕೋರಿ" ಎಂದರು.

ನಾನು ಹೊಟ್ಟೆಗೆ ಹಾಕಿಕೊಂಡೆ. ಹುಡುಗರು ಮರೆಯುವುದು ಸಹಜ, ಬಿಡಿ ಎಂದೂ ಹೇಳಿದೆ. ಅವರಿಗೆ ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿಯಿಂದಲ್ಲ.

ಗಂಟೆಯನ್ನು ಸ್ವಿಚ್ಚಿನ ಪಕ್ಕದಲ್ಲೇ ಕೂಡಿಸಿದೆವು. ಎಂಟು ದಿನಕ್ಕೊಮ್ಮೆ ಅದು ಇಡೀ ಓಣಿಗೆ ಕೇಳುವಂತೆ ಹೊಡೆದುಕೊಳ್ಳುತ್ತದೆ, ನಾನು ಎದ್ದು ಹೋಗಿ ಮೋಟರ್ ಬಂದ್ ಮಾಡುತ್ತೇನೆ. ರೇಷ್ಮೆ ಒಯ್ದ ಮೂವರ ಮನೆಗೂ ಹೋಗಿ ನಿಜ ಹೇಳಿ ಬಂದೆ. ಇಬ್ಬರು ತಿರುಗಿ ಬಂದರು. ಕ್ಷೌರದವನಿಗೂ ಹೇಳಿದೆ, ಅವನು ನಕ್ಕ. ಆದರೆ ಒಬ್ಬರಿಗೆ ಇನ್ನೂ ಹೇಳಿಲ್ಲ. ಅವರು ಈಗಲೂ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ, "ಗಂಟಿ ಬರೋಬ್ಬರಿ ಹೊಡೀತೈತೇನ್ರಿ? ಮಗಳು ಲಕ್ಷ್ಯ ಇಡ್ತಾಳೇನ್ರಿ?" ಎಂದು ಕೇಳುತ್ತಾರೆ. ಸೊಸೆಯ ಯಂತ್ರದ ಸದ್ದು ಆ ಹೊತ್ತಿಗೆ ನಿಲ್ಲುತ್ತದೆ. ನಾನು, ಇಡ್ತಾಳ್ರಿ, ಎಂದಷ್ಟೇ ಹೇಳಿ ಕುರ್ಚಿ ಹಾಕುತ್ತೇನೆ. ಯಂತ್ರ ಮತ್ತೆ ಶುರುವಾಗುತ್ತದೆ.

ಅವರು ಕಾಗಿನೆಲೆಯವರು. ನನ್ನ ಬೀಗರು, ನನ್ನ ಸೊಸೆಯ ತಂದೆ.