ಡ್ರೈವರಿಲ್ಲದ ಹಸಿರು ಕಾರು

ನಾನು ಗಡಿಯಾರ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಎದುರು ಮಹಡಿ ಮೆಟ್ಟಿಲ ಕೆಳಗೆ ನನ್ನ ಅಂಗಡಿ. ಒಬ್ಬ ಗಿರಾಕಿ ಒಳಗೆ ಬಂದರೆ ಅಂಗಡಿ ತುಂಬುತ್ತದೆ, ಇಬ್ಬರು ಬಂದರೆ ನಾನು ಹೊರಗೆ ಹೋಗಬೇಕು. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತು ಕಂಡವರ ಹೊತ್ತು ಸರಿಮಾಡಿದ್ದೇನೆ. ನನ್ನ ಹೊತ್ತನ್ನು ಮಾತ್ರ ಸ್ಟಾಂಪಿನ ಮೇಲೆ ಹಾಳುಮಾಡಿಕೊಂಡೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದನ್ನು ನಾನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಶುರುವಾದದ್ದು ಹೀಗೆ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಗಿರಾಕಿ ತನ್ನ ವಾಚನ್ನು ಒಂದು ಹಳೇ ಲಕೋಟೆಯಲ್ಲಿ ಸುತ್ತಿ ತಂದಿದ್ದ. ವಾಚು ಒಯ್ದ, ಲಕೋಟೆ ಮರೆತ. ಅದರ ಮೇಲಿದ್ದ ಯಾವುದೋ ದೂರದೇಶದ ಸ್ಟಾಂಪಿನಲ್ಲಿ ಒಂದು ಹಳೆಯ ಕಾರು: ದುಂಡು ದೀಪ, ಪಕ್ಕದಲ್ಲಿ ಸಿಕ್ಕಿಸಿದ ಹೆಚ್ಚುವರಿ ಚಕ್ರ, ಮಡಚುವ ಚಾವಣಿ. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ನೋಡಿದೆ. ಚಕ್ರದ ಕಡ್ಡಿಗಳನ್ನು ಎಣಿಸಬಹುದಿತ್ತು. ಆವತ್ತಿಗೆ ನಾನು ಕೆಟ್ಟೆ.

ಈಗ ನನ್ನ ಹತ್ತಿರ ನಾನೂರ ಹನ್ನೆರಡು ಕಾರುಗಳಿವೆ. ಎಲ್ಲವೂ ಎರಡು ಆಲ್ಬಮಿನಲ್ಲಿ ನಿಂತಿವೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಒಮ್ಮೆ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ತನ್ನ ಗ್ಯಾರೇಜಿನಲ್ಲಿ ಕಲಿಸಲು ಕೂರಿಸಿದ್ದ. ಮುಂದೆ ಹೋಗಬೇಕಾದ ಕಾರು ಹಿಂದೆ ಹೋಗಿ ನೀರಿನ ಡ್ರಮ್ಮಿಗೆ ಗುದ್ದಿತು. ಕಾರಿಗೆ ಏನೂ ಆಗಲಿಲ್ಲ. ಡ್ರಮ್ಮಿಗೂ ನನ್ನ ಮರ್ಯಾದೆಗೂ ನೆಗ್ಗು ಬಿತ್ತು. ಆದರೂ ನೆಂಟರು ನಾಲ್ಕು ಜನ ಸೇರಿದರೆ ಸಾಕು, ಹಳೇ ಕಾರುಗಳ ಬಗ್ಗೆ ಭಾಷಣ ಮಾಡುವವನು ನಾನೇ. ಜನ್ಮವಿಡೀ ಎಂಜಿನ್ನಿನೊಳಗೆ ಕೈಯಿಟ್ಟ ಭಾವಮೈದ ಒಂದು ಮೂಲೆಯಲ್ಲಿ ಕೂತು ಕೇಳುತ್ತಿದ್ದ. ನಡುವೆ ಒಮ್ಮೆ ಮಾತ್ರ, "ಭಾವ, ರೇಡಿಯೇಟರ್ ಹಿಂದೆ ಇರಲ್ಲ, ಮುಂದೆ ಇರುತ್ತೆ" ಎಂದಿದ್ದ. ನಾನು ಕೇಳಿಸದವನಂತೆ ಮುಂದುವರಿಸಿದ್ದೆ.

ಹೋದ ವರ್ಷ ನನ್ನ ಜಂಬಕ್ಕೆ ರೆಕ್ಕೆ ಬಂತು. ಹಸಿರು ಕಾರಿನ ಸ್ಟಾಂಪೊಂದರ ಎರಡು ಪ್ರತಿ ನನ್ನಲ್ಲಿದ್ದವು. ಕಾರಿನಲ್ಲಿ ಟೋಪಿ ಹಾಕಿದ ಕಂದು ಬಣ್ಣದ ಡ್ರೈವರು ಕೂತಿರುತ್ತಾನೆ. ಆಲ್ಬಮ್ ತಿರುವುತ್ತಿದ್ದಾಗ ನೋಡುತ್ತೇನೆ, ಒಂದು ಪ್ರತಿಯಲ್ಲಿ ಡ್ರೈವರೇ ಇಲ್ಲ! ಕಾರು ಇದೆ, ಸ್ಟಿಯರಿಂಗ್ ಇದೆ, ಸೀಟು ಖಾಲಿ. ಅಚ್ಚಿನಲ್ಲಿ ಒಂದು ಬಣ್ಣ ಬಿಟ್ಟುಹೋಗಿದೆ, ಲೋಕದಲ್ಲಿ ಇಂಥದ್ದು ಇದೊಂದೇ ಇರಬೇಕು ಎಂದುಕೊಂಡೆ. ಎದೆ ಅಲಾರಂ ಗಡಿಯಾರದ ಹಾಗೆ ಹೊಡೆದುಕೊಂಡಿತು.

ಸ್ಟಾಂಪು ಸಂಗ್ರಹಕಾರರ ಸಂಘಕ್ಕೆ ಮೂರು ಪುಟದ ಕಾಗದ ಬರೆದೆ. ವಾಚು ರಿಪೇರಿಗೆ ಕೊಡಲು ಬಂದಿದ್ದ ಪತ್ರಿಕೆಯ ವರದಿಗಾರನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು "ಗಡಿಯಾರದವರ ಬಳಿ ಅಪರೂಪದ ಅಂಚೆಚೀಟಿ" ಎಂದು ನಾಲ್ಕು ಸಾಲು ಹಾಕಿದ. ಆ ನಾಲ್ಕು ಸಾಲಿನ ಹದಿನೈದು ಪ್ರತಿ ಕೊಂಡೆ. ಸಂಘದವರು ವಾರ್ಷಿಕ ಪ್ರದರ್ಶನದಲ್ಲಿ ಒಂದು ಚೌಕಟ್ಟಿನ ಜಾಗ ಕೊಟ್ಟರು. ಡ್ರೈವರಿದ್ದ ಪ್ರತಿ, ಇಲ್ಲದ ಪ್ರತಿ ಅಕ್ಕಪಕ್ಕ ಇಟ್ಟು, ಮೇಲೆ ಪತ್ರಿಕೆಯ ತುಣುಕನ್ನು ಅಂಟಿಸಿ, ಇಸ್ತ್ರಿ ಶರಟು ಹಾಕಿಕೊಂಡು ಮದುಮಗನ ಹಾಗೆ ನಿಂತೆ.

ತೀರ್ಪು ಕೊಡುವವರು ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಡಂ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟಾಂಪನ್ನು ಮೂಸಿದರು.

"ನೀವು ಏನ್ ಕೆಲಸ ಮಾಡ್ತೀರಿ?"

"ಗಡಿಯಾರ ರಿಪೇರಿ, ಮೇಡಂ."

"ಅದರ ಚಕ್ರಗಳನ್ನ ಯಾವುದರಲ್ಲಿ ತೊಳೀತೀರಿ?"

"ಪೆಟ್ರೋಲಲ್ಲಿ" ಎಂದೆ. ಎಂದವನೇ ನನ್ನ ಬೆರಳು ಮೂಸಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ.

"ಕೆಲವು ಬಣ್ಣ ಪೆಟ್ರೋಲಿಗೆ ಬಿಟ್ಕೊಳ್ಳುತ್ತೆ" ಎಂದು ಅವರು ಮೆಲ್ಲಗೆ ಹೇಳಿದರು. "ಪರೀಕ್ಷೆ ಏನೂ ಬೇಡ. ಸುಮ್ನೆ ವಾಪಸ್ ತಗೊಂಡುಬಿಡಿ. ನಾನು ಯಾರ ಹತ್ರನೂ ಹೇಳಲ್ಲ."

ಬುದ್ಧಿ ಇದ್ದವನು ಅಲ್ಲಿಗೆ ಕೈಮುಗಿದು ಚೌಕಟ್ಟು ಇಳಿಸುತ್ತಿದ್ದ. ನಾನು, "ಸಾಧ್ಯವೇ ಇಲ್ಲ, ನೋಡೇ ಬಿಡೋಣ!" ಎಂದೆ. ಚೌಕಟ್ಟು ಹೊತ್ತು ತರಲು ಬಂದಿದ್ದ ಭಾವಮೈದ ಪಕ್ಕದಲ್ಲೇ ಇದ್ದ. ಅವನ ಪ್ಯಾಂಟಿನ ಜೇಬಿನಲ್ಲಿ ಪೆಟ್ರೋಲು ಕುಡಿದ ಬಟ್ಟೆ ಯಾವಾಗಲೂ ಇರುತ್ತದೆ.

"ಬೇಡ ಭಾವ" ಎಂದ.

"ಒರೆಸೋ!"

"ಇನ್ನೊಂದೂ ಹೋಗುತ್ತೆ, ಆಮೇಲೆ ನನ್ನ ಬೈಬಾರದು."

"ಒರೆಸು ಅಂದ್ನಲ್ಲ!"

ಬಟ್ಟೆಯ ತುದಿಯನ್ನು ಡ್ರೈವರಿದ್ದ ಪ್ರತಿಗೆ ಒತ್ತಿದ. ಮೊದಲು ಡ್ರೈವರಿನ ಟೋಪಿ ಹರಡಿತು. ಆಮೇಲೆ ಮುಖ ಕರಗಿತು. ಬಟ್ಟೆ ಎತ್ತಿದಾಗ ಆ ಮನುಷ್ಯ ಬಟ್ಟೆಯ ಮೇಲೆ ಕಂದು ಚುಕ್ಕೆಯಾಗಿದ್ದ, ಕಾರು ಮಾತ್ರ ಹಸಿರಾಗಿ ಅಲ್ಲೇ ನಿಂತಿತ್ತು. ಲೋಕದಲ್ಲಿ ಒಂದೇ ಇದ್ದದ್ದು ಎರಡಾಯಿತು. ಗಡಿಯಾರ ತೊಳೆಯುವ ಮೇಜಿನ ಮೇಲೆ ಸ್ಟಾಂಪು ಹರಡಿಕೊಳ್ಳಬೇಡಿ ಎಂದು ಹೆಂಡತಿ ಎಷ್ಟು ಸಲ ಹೇಳಿದ್ದಳೋ!

ಭೂಮಿ ಬಾಯಿಬಿಡಲಿಲ್ಲ. ಅದರ ಬದಲು ಬಾಗಿಲಿನಿಂದ ಒಬ್ಬ ಅಜ್ಜಿ ಬಂದರು. ಪತ್ರಿಕೆ ಓದಿ, ಎರಡು ಬಸ್ಸು ಬದಲಾಯಿಸಿ ಬಂದಿದ್ದರಂತೆ. ನನ್ನ ಚೌಕಟ್ಟನ್ನೇ ಹುಡುಕಿ ಬಂದು ಕೈಚೀಲದಿಂದ ಕನ್ನಡಕ ತೆಗೆದರು.

"ಇದೇನಾಪ್ಪ, ಡ್ರೈವರ್ ಇಲ್ಲದ ಕಾರು?"

ನಿಜ ಹೇಳುತ್ತೇನೆ, ನನ್ನ ನಾಲಿಗೆ "ಹೌದಮ್ಮ" ಎಂದೇಬಿಟ್ಟಿತು. ಮೇಡಂ ಬೇರೆ ಕಡೆ ನೋಡಿದರು. ಅಜ್ಜಿ ಸೆರಗಿನಲ್ಲಿ ಕನ್ನಡಕ ಒರೆಸಿ, ಬಗ್ಗಿ, ಉಸಿರು ಬಿಗಿಹಿಡಿದು ನೋಡತೊಡಗಿದರು. ಅವರ ನಡು ನೋಯುತ್ತಿತ್ತು, ಒಂದು ಕೈ ಸೊಂಟದ ಮೇಲಿತ್ತು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ನೋಡಬೇಡಿ. ಅದು ಅಪರೂಪದ್ದಲ್ಲ. ಡ್ರೈವರ್ ಇದ್ದ. ನಾನೇ ಪೆಟ್ರೋಲ್ ಹಾಕಿ ಅಳಿಸಿಬಿಟ್ಟೆ. ಗೊತ್ತಿಲ್ದೆ."

ಅಜ್ಜಿ ನೆಟ್ಟಗಾದರು. "ಪತ್ರಿಕೇಲಿ ಬಂದಿತ್ತಲ್ಲ?"

"ಅದನ್ನೂ ನಾನೇ ಹಾಕಿಸಿದ್ದು."

ಅವರು ನನ್ನನ್ನು ನೋಡಿದರು, ಭಾವಮೈದನ ಕೈಯ ಬಟ್ಟೆಯನ್ನು ನೋಡಿದರು. ಆಮೇಲೆ ನಗತೊಡಗಿದರು. ಕುರ್ಚಿ ತಂದು ಕೂರಿಸಬೇಕಾಯಿತು. "ನನ್ನ ಗಂಡ ಹೋಗಿ ಒಂಬತ್ತು ವರ್ಷ ಆಯ್ತು. ಹೀಗೆ ತಪ್ಪು ಒಪ್ಕೊಂಡಿದ್ರೆ ಇನ್ನೂ ಸ್ವಲ್ಪ ದಿನ ಬದುಕಿರ್ತಿದ್ರೇನೋ" ಎಂದು ಕಣ್ಣೊರೆಸಿಕೊಂಡರು. ಸುತ್ತ ಜನ ಸೇರಿದರು. ಎಲ್ಲವನ್ನೂ ಮೊದಲಿನಿಂದ ಹೇಳಿ ಎಂದರು. ಹೇಳಿದೆ. ಪತ್ರಿಕೆಯ ತುಣುಕು ಕಿತ್ತು, "ಡ್ರೈವರನ್ನು ಅಳಿಸಿದವರು: ಸ್ಟಾಂಪಿನ ಯಜಮಾನರು" ಎಂದು ಚೀಟಿ ಬರೆದು ಅಂಟಿಸಿದೆ. ಬಹುಮಾನ ಚಿಟ್ಟೆಗಳ ಸ್ಟಾಂಪಿಗೆ ಬಂತು. ಅದರ ಮುಂದೆ ಮೂರು ಜನ ನಿಂತಿದ್ದರು, ನನ್ನ ಮುಂದೆ ಸಾಲು ಬಾಗಿಲವರೆಗೆ ಇತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನನ್ನ ಮೀಸೆಯೂ ಮಣ್ಣಾಗಿತ್ತು. ಆದರೂ ಖುಷಿಯಾಗಿತ್ತು.

ಮುಂದಿನ ತಿಂಗಳು ಭೂಗೋಳದ ಮೇಡಂ ಅಂಗಡಿಗೆ ಬಂದರು. ಹೊಸಬರಿಗೆ ಸ್ಟಾಂಪು ಕಾಪಾಡುವುದು ಹೇಗೆಂದು ಹೇಳಿಕೊಡಿ ಎಂದರು.

"ನನಗೇನು ಗೊತ್ತು ಮೇಡಂ?"

"ಹಾಳುಮಾಡೋದು ಗೊತ್ತಲ್ಲ, ಅದನ್ನೇ ಹೇಳಿ."

ಹುಡುಕಿದರೆ ಸರಕು ಬೇಕಾದಷ್ಟಿತ್ತು. ಬಿಸಿನೀರಿನಲ್ಲಿ ನೆನೆಸಿ ಬಿಳಿಚಿಕೊಂಡ ಕೆಂಪು ಕಾರು, ಇಸ್ತ್ರಿ ಪೆಟ್ಟಿಗೆಗೆ ಅಂಟಿಹೋದ ಲಾರಿ, ಶಾಶ್ವತವಾಗಿರಲಿ ಎಂದು ಗೋಂದು ಹಚ್ಚಿದ ಹನ್ನೊಂದು ಕಾರು. ತಿಂಗಳಿಗೊಮ್ಮೆ ಅವನ್ನು ತೋರಿಸಿ ಮಾತಾಡುತ್ತೇನೆ. ಈಗ ಬೇರೆ ಊರಿನವರೂ ಹಾಳಾದ ಸ್ಟಾಂಪು ಕಳಿಸಿ, "ಇದಕ್ಕೇನಾಯ್ತು?" ಎಂದು ಕೇಳುತ್ತಾರೆ. ಹತ್ತರಲ್ಲಿ ಎಂಟಕ್ಕೆ ಉತ್ತರ ಗೊತ್ತಿರುತ್ತದೆ, ಏಕೆಂದರೆ ನಾನೂ ಅದನ್ನು ಮಾಡಿರುತ್ತೇನೆ.

ಇಷ್ಟು ವರ್ಷ ಆಲ್ಬಮಿನ ಕಡೆ ತಿರುಗಿಯೂ ನೋಡದಿದ್ದ ಹೆಂಡತಿ ಮೊನ್ನೆ ಭಾನುವಾರ ಬಂದು ಪಕ್ಕದಲ್ಲಿ ಕೂತಳು. ಪುಟ ತಿರುವುತ್ತ ಒಂದು ಉದ್ದ ಮೂತಿಯ ಕಾರಿನ ಮೇಲೆ ಬೆರಳಿಟ್ಟಳು.

"ರೀ, ಇದಕ್ಕೆ ಬಾಗಿಲೇ ಇಲ್ವಲ್ಲ. ಒಳಗೆ ಹೋಗೋದು ಹೇಗೆ?"

ಹತ್ತೊಂಬತ್ತು ವರ್ಷದಿಂದ ನನ್ನ ಹತ್ತಿರ ಇರುವ ಕಾರು ಅದು. ಲೆನ್ಸು ಹಾಕಿ ನೋಡಿದೆ, ಆ ಕಡೆ ಈ ಕಡೆ ತಿರುಗಿಸಿದೆ.

"ಗೊತ್ತಿಲ್ಲ ಕಣೇ" ಎಂದೆ. "ನಿನ್ನ ತಮ್ಮನಿಗೆ ಫೋನ್ ಮಾಡು."