ಕಬ್ಬಿನ ಗದ್ದೆಗೆ ಕಟ್ಟಿದ ಕಾಡಿನ ಪರದೆ

ಆ ಸಂಜೆ ತಾಯಿ ಬಂದದ್ದನ್ನು ನಾನು ನಿಜವಾಗಿ ಕಂಡೆನೋ ಇಲ್ಲವೋ, ಈಗ ಹೇಳಲಾರೆ. ಕಂಡಂತೆ ನೆನಪಿದೆ. ಕಟಾವಾದ ಗದ್ದೆಯ ತರಗಿನ ಮೇಲೆ ಉದ್ದ ಕಾಲಿನ ಬೂದುಬಣ್ಣದ ಕಾಡುಬೆಕ್ಕೊಂದು ನಡೆದು ಬಂತು, ನಿಂತಿತು, ಒಂದು ಕಿವಿಯನ್ನಷ್ಟೇ ನಮ್ಮ ಕಡೆ ತಿರುಗಿಸಿತು, ಮೂಲೆಯಲ್ಲಿ ಉಳಿದಿದ್ದ ಕಬ್ಬಿನೊಳಗೆ ಹೋಯಿತು. ಹೊರಗೆ ಬಂದಾಗ ಬಾಯಲ್ಲಿ ಮರಿ ಇತ್ತು. ನಾನು ನಾಟಕದ ಪರದೆಯ ಮರೆಯಲ್ಲಿ ನಿಂತು ಒಂದು ತೂತಿಗೆ ಕಣ್ಣು ಹಚ್ಚಿದ್ದೆ. ಮೂಗಿಗೆ ಬಣ್ಣದ ವಾಸನೆ ಬಡಿಯುತ್ತಿತ್ತು.

ಇದೆಲ್ಲ ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದಿದವನು ನಾನು. ತಡವರಿಸದೆ ಹೇಳುವ ಸಾಕ್ಷಿಯನ್ನು ಇನ್ನೊಂದು ಸಲ ಕೇಳಬೇಕು ಎಂಬುದೊಂದೇ ಅಲ್ಲಿ ನನ್ನ ತಲೆಗೆ ಚೆನ್ನಾಗಿ ಹತ್ತಿದ ಪಾಠ. ಸಾಲದ್ದಕ್ಕೆ, ನಾನು ಅಲ್ಲಿರಲೇ ಇಲ್ಲ ಅನ್ನುತ್ತಾಳೆ ಅಕ್ಕ.

ಹಾಗಿದ್ದರೂ ಬರೆಯುತ್ತಿದ್ದೇನೆ. ಯಾಕೆಂದರೆ ಉಳಿದವರಿಗೆ ಯಾವ ಅನುಮಾನವೂ ಇಲ್ಲ. ಕಳೆದ ವರ್ಷ ನಾಗಮಂಗಲದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವನೊಬ್ಬ ನನಗೇ ನಮ್ಮೂರಿನ ಕಥೆ ಹೇಳಿದ. ಪಾಂಡವಪುರದ ಹತ್ತಿರ ಒಂದೂರಲ್ಲಿ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕವಂತೆ. ತಾಯಿ ಚಿರತೆ ಜನರ ಮೇಲೆ ಹಾರಿತಂತೆ. ನಾಟಕದಲ್ಲಿ ರಾಜನ ಪಾತ್ರ ಮಾಡುವ ಗದ್ದೆಯ ಯಜಮಾನ ಒಂದೇ ಗರ್ಜನೆಗೆ ಅದನ್ನು ನಿಲ್ಲಿಸಿ ಮರಿಗಳನ್ನು ಒಪ್ಪಿಸಿದನಂತೆ. ಕೆ.ಆರ್. ಪೇಟೆಯ ಹೋಟೆಲಿನಲ್ಲೂ ಇದನ್ನೇ ಕೇಳಿದ್ದೇನೆ. ಶ್ರೀರಂಗಪಟ್ಟಣದಲ್ಲಿ ರಾಜನ ಕೈಗೆ ಒಂದು ಗದೆಯೂ ಬಂದಿದೆ. ಯಾವ ಊರಿನ ಕಥೆಯಲ್ಲೂ ಅಕ್ಕ ಇಲ್ಲ.

"ಚಿರತೆ ಅಲ್ಲ, ಕಾಡುಬೆಕ್ಕು. ಅವನು ಗರ್ಜಿಸಲೂ ಇಲ್ಲ" ಅಂದೆ.

"ನೀವು ಅಲ್ಲಿದ್ರಾ ಸಾ?" ಎಂದು ಕೇಳಿದ ಬಸ್ಸಿನವನು.

ಆವತ್ತಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಕ್ಕ ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಗಾಳಿಪಟದ ದಾರ ಸಿಕ್ಕಿಕೊಂಡ ಗಿಡುಗ, ಮೀನಿನ ಗಾಳ ನುಂಗಿದ ಕೊಕ್ಕರೆ, ಟ್ರಾಕ್ಟರಿಗೆ ಸಿಕ್ಕ ಆಮೆ, ಎಲ್ಲ ಅವಳ ಹಿತ್ತಲಿಗೆ ಬರುತ್ತವೆ. ಬಾಬುರಾಯನಕೊಪ್ಪಲಿನಿಂದ ಯಾರೋ ಒಬ್ಬರು ಗೋಣಿಚೀಲದಲ್ಲಿ ಉಡವನ್ನೇ ತಂದಿದ್ದರು. ಬದುಕುವವನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸುತ್ತಾಳೆ, ಸತ್ತವನ್ನು ನಿಂಬೆ ಗಿಡದ ಬುಡಕ್ಕೆ ಹೂಳುತ್ತಾಳೆ. ನಮ್ಮೂರಿನ ಪೌರಾಣಿಕ ನಾಟಕದ ತಂಡಕ್ಕೆ ಪರದೆ ಬರೆಯುವವಳೂ ಅವಳೇ. ಉಳಿದ ಊರಿನವರು ಬಾಡಿಗೆ ಸೀನರಿ ತರುತ್ತಾರೆ. ಆ ಪರದೆಗಳಲ್ಲಿ ಹಂಸ, ಜಲಪಾತ, ಹಿಮದ ಬೆಟ್ಟ. ಅಕ್ಕ ಬರೆದ ಕಾಡಿನಲ್ಲಿ ಹೊಂಗೆ ಮರ, ಜಾಲಿ, ಹಿಂದೆ ನಾಲೆಯ ಏರಿ. "ರಾಜ ಬ್ಯಾಟೆಗೆ ಬರೋ ಕಾಡಲ್ಲಿ ನಮ್ಮೂರ ನಾಲೆ ಯಾಕವ್ವ?" ಎಂದು ಪಾತ್ರಧಾರಿಗಳು ಗೊಣಗಿದ್ದರು. "ರಾಜ ನಮ್ಮೂರೋನೇ ಅಲ್ವಾ" ಅಂದಿದ್ದಳು.

ಆ ರಾಜನನ್ನು ಊರೆಲ್ಲ ರಾಜಾಪಾರ್ಟು ಎಂದೇ ಕರೆಯುತ್ತದೆ. ನಮಗೆ ವರಸೆಯಲ್ಲಿ ಅಣ್ಣ. ಅವನ ಆಸ್ತಿಯೆಂದರೆ ನಾಲೆ ಕೆಳಗಿನ ಗದ್ದೆ ಮತ್ತು ಅವನ ಕಂಠ. ಮೈಕು ಕೈಕೊಟ್ಟರೂ ಕೊನೆಯ ಸಾಲಿನ ಮುದುಕರಿಗೆ ಮಾತು ಮುಟ್ಟಿಸುತ್ತಾನೆ. ಆ ಸಲ ನಾಗಮಂಗಲದವರು ನಮ್ಮ ತಂಡವನ್ನು ಕರೆದಿದ್ದರು. ನಮ್ಮೂರಿನ ನಾಟಕ ತಾಲ್ಲೂಕು ದಾಟುತ್ತಿದ್ದುದು ಅದೇ ಮೊದಲು. ತಂಡದವರು ಊರ ಮುಂದೆ ದೊಡ್ಡ ಬ್ಯಾನರು ಕಟ್ಟಿದ್ದರು. ರಾಜಾಪಾರ್ಟಿನಿಂದ ಹಿಡಿದು ಲೈಟಿನವನವರೆಗೆ ಎಲ್ಲರ ಫೋಟೋ ಅದರಲ್ಲಿತ್ತು. ಪರದೆ ಬರೆದವಳದು ಹೆಸರೂ ಇರಲಿಲ್ಲ. ಬ್ಯಾನರಿನ ಕೆಳಗೆ ನಿಂತು ಅಕ್ಕ ಪೂರ್ತಿ ಓದಿದ್ದನ್ನು ನಾನು ನೋಡಿದ್ದೆ.

ನಾಟಕಕ್ಕೆ ಇನ್ನೇನು ವಾರವಿತ್ತು. ರಾಜಾಪಾರ್ಟಿನ ಗದ್ದೆಯಲ್ಲಿ ಕಟಾವು ನಡೆಯುತ್ತಿತ್ತು. ಬಳ್ಳಾರಿ ಕಡೆಯಿಂದ ಬಂದ ಆಳುಗಳ ತಂಡ ಬೆಳಗಿನಿಂದ ಕಡಿದು ಕೊನೆಯ ಮೂಲೆಗೆ ಬಂದಾಗ, ತರಗಿನ ಗೂಡಿನಲ್ಲಿ ಮೂರು ಮರಿ ಸಿಕ್ಕವು. ಕಡಿಯುತ್ತಿದ್ದ ಹೆಂಗಸು ಮಚ್ಚು ಹಿಂದಕ್ಕೆಳೆದು ಕೂಗಿಕೊಂಡಳು. ನಾನೂ ಅಕ್ಕನೂ ಹೋಗುವಷ್ಟರಲ್ಲಿ ಮರಿಗಳು ಬದುವಿನ ಮೇಲೆ ಕೈಯಿಂದ ಕೈಗೆ ಹೋಗುತ್ತ ಫೋಟೋಗೆ ಸಿಗುತ್ತಿದ್ದವು. ಯಾರೋ ಬಾಟಲಿಯಲ್ಲಿ ಹಸುವಿನ ಹಾಲು ತಂದಿದ್ದರು.

"ಲೇ ಯಂಎ, ಚಿರತೆ ಮರಿ ಕಣ್ಲಾ!" ರಾಜಾಪಾರ್ಟು ನಾಲೆಯಾಚೆಗೂ ಕೇಳಿಸುವಂತೆ ಹೇಳಿದ. "ನಮ್ ಗದ್ದೇಲಿ! ಮೂರವೆ!"

ನಮ್ಮ ಸೀಮೆಯಲ್ಲಿ ಈ ತಪ್ಪು ಹೊಸದಲ್ಲ. ಕಬ್ಬಿನಲ್ಲಿ ಚಿರತೆ ನಿಜವಾಗಿಯೂ ಮರಿ ಹಾಕುತ್ತದೆ. ಹಾಗಾಗಿ ಕಬ್ಬಿನಲ್ಲಿ ಸಿಕ್ಕ ಚುಕ್ಕೆಯಿರುವ ಮರಿಯೆಲ್ಲ ಚಿರತೆಯೇ.

ಅಕ್ಕ ಒಂದನ್ನು ತಿರುಗಿಸಿ ನೋಡಿದಳು. "ಚಿರತೆನೂ ಅಲ್ಲ, ಎಂತದೂ ಅಲ್ಲ. ಬಾಲ ನೋಡಣ್ಣ, ಎಷ್ಟು ಗಿಡ್ಡ. ಕಾಡುಬೆಕ್ಕಿನ ಮರಿ."

"ಚುಕ್ಕೆ ಅವಲ್ಲವ್ವ ಮೈಮ್ಯಾಲೆ?"

"ಚುಕ್ಕೆ ನಿನ್ ಅಂಗಿ ಮ್ಯಾಲೂ ಅವೆ. ನೀನೂ ಚಿರತೆನಾ?"

ಜನ ನಕ್ಕರು. ಅವನೂ ನಕ್ಕ. ಅಕ್ಕ ನಗಲಿಲ್ಲ. ಅರಣ್ಯ ಇಲಾಖೆಗೆ ಫೋನು ಮಾಡಿದಳು. ಅವರು ಬೇರೊಂದು ಊರಿನಲ್ಲಿ ಚಿರತೆಗೆ ಬೋನು ಇಡುತ್ತಿದ್ದರಂತೆ. ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಇಡಿ, ಜನರನ್ನು ದೂರ ಕಳಿಸಿ, ತಾಯಿ ಬಂದು ಒಯ್ಯುತ್ತದೆ ಎಂದರು. ಅಕ್ಕನೂ ಅದನ್ನೇ ಹೇಳುವವಳಿದ್ದಳು.

"ಆ ಮೂಲೆ ಕಬ್ಬು ನಾಳೆ ಬೆಳಗ್ಗೆವರ್ಗೂ ಕಡೀಬ್ಯಾಡಿ" ಅಂದಳು. "ಮರೆ ಇಲ್ದಿದ್ರೆ ಅವ್ವ ಬರಾಕಿಲ್ಲ. ಅವ್ವ ಬರ್ದಿದ್ರೆ ಇವು ಬದುಕಾಕಿಲ್ಲ."

"ನಾಳಿಕ್ಕೆ ಈ ಆಳುಗಳು ಇನ್ನೊಬ್ರ ಗದ್ದೇಲಿರ್ತಾರೆ ಕಣವ್ವ. ಮನುಸ್ರು ಮುಟ್ಟಿದ್ ಮ್ಯಾಲೆ ಅವ್ವನೂ ಮುಟ್ಟಾಕಿಲ್ಲ, ಬುಡು."

"ಯಾರೇಳಿದ್ರು? ಬೆಕ್ಕು ಬಂದು ನಿಂಗೇಳ್ತಾ?"

"ಮೈಸೂರು ಜೂಗೆ ಕಳ್ಸನ. ಚೆಂದಾಗಿ ಸಾಕ್ತಾರೆ."

"ನಿನ್ ಮಕ್ಳನ್ನ ಹಾಸ್ಟ್ಲಿಗೆ ಕಳ್ಸು ಅಂದಾಗ ಒಂದ್ವಾರ ಊಟ ಬಿಟ್ಟಿದ್ದೆಯಲ್ಲಣ್ಣ."

ರಾಜಾಪಾರ್ಟು ಮುಖ ತಿರುಗಿಸಿ ತಂಡದವರಿಗೆ ಕೈ ಬೀಸಿದ: ಕಡೀರಿ. ಮರಿ ಕಂಡಿದ್ದ ಹೆಂಗಸು ಮಚ್ಚನ್ನು ನೆಲಕ್ಕಿಟ್ಟು ಬದುವಿನ ಮೇಲೆ ಕೂತುಬಿಟ್ಟಳು. ಉಳಿದವರು ಅವಳ ಮುಖ ನೋಡಿದರು. ಆ ಬಿಡುವಿನಲ್ಲೇ ಅಕ್ಕ ಆ ಮಾತು ಹೇಳಿದ್ದು. ಕೂಗಲಿಲ್ಲ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಹೇಳಿದಳು.

"ಆ ಮೂಲೆಗೆ ಮಚ್ಚು ಬಿದ್ರೆ ನಾಗಮಂಗಲದ ಸ್ಟೇಜಿಗೆ ನನ್ನ ಪರದೆ ಬರಾಕಿಲ್ಲ. ದರ್ಬಾರೂ ಇಲ್ಲ, ಕಾಡೂ ಇಲ್ಲ. ಬರೀ ಗೋಡೆ ಮುಂದೆ ನಿಂತ್ಕೊಂಡು ರಾಜನಾಗು."

"ಏನ್ ಕಣವ್ವ, ಬೆಕ್ಕಿಗೋಸ್ಕರ ಊರ ಮಾನ ತೆಗೀತೀಯ?"

"ಊರ ಮಾನ ನನ್ ಪರದೇಲದೆ ಅಂತ ಈಗ ಗೊತ್ತಾಯ್ತಾ? ಬ್ಯಾನರಲ್ಲಿ ಲೈಟಿನೋನ್ ಫೋಟೋನೂ ಅದೆ."

ರಾಜಾಪಾರ್ಟು ಟವೆಲಿನಿಂದ ಮುಖ ಒರೆಸಿಕೊಂಡ, ಕಬ್ಬಿನ ಮೂಲೆ ನೋಡಿದ, ಅಕ್ಕನನ್ನು ನೋಡಿದ. "ಬುಟ್ಬುಡ್ರಪ್ಪ ಆ ಮೂಲೆಯ" ಅಂದ ಕೊನೆಗೆ. "ಈ ಯಮ್ಮನ ಜೊತೇಲಿ ಯಾರು ಆಡಾರು?"

ಮರಿಗಳನ್ನು ಬಿದಿರಿನ ಮಂಕರಿಯಲ್ಲಿಟ್ಟು, ಅದನ್ನು ಕಬ್ಬಿನೊಳಗೆ ಅಡ್ಡ ಮಲಗಿಸಿ ಬಂದಳು ಅಕ್ಕ. ಆದರೆ ಜನ ಕದಲಲಿಲ್ಲ. ಹೊತ್ತು ಇಳಿದಂತೆ ಇನ್ನಷ್ಟು ಜನ ಸೇರಿದರು. ಚಿರತೆ ಎಂಬ ಸುದ್ದಿ ಅಷ್ಟರಲ್ಲಿ ಪಕ್ಕದ ಊರು ಮುಟ್ಟಿತ್ತು. ಹೋಗಿ ಅಂದರೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬರುತ್ತಿದ್ದರು. ಕಬ್ಬಿನ ಸುತ್ತ ಅಷ್ಟೊಂದು ತಲೆಗಳು ಓಡಾಡುತ್ತಿದ್ದರೆ ಯಾವ ತಾಯಿ ಬಂದೀತು?

ನಮ್ಮ ಕಡೆಯ ಜನರನ್ನು ಯಾರೂ ಚದುರಿಸಲಾರರು. ಆದರೆ ಅವರ ಮುಂದೆ ಒಂದು ಪರದೆ ಕಟ್ಟಿದರೆ, ಹೇಳದೆಯೇ ಕೂರುತ್ತಾರೆ. ಚಾಪೆ ಇಲ್ಲದಿದ್ದರೆ ಟವೆಲು ಹಾಸಿಕೊಂಡು ಕೂರುತ್ತಾರೆ, ಪರದೆ ಏಳುವವರೆಗೂ ಕಾಯುತ್ತಾರೆ. ಇದು ಅಕ್ಕನಿಗೆ ಗೊತ್ತಿತ್ತು. ಕಾಡಿನ ಪರದೆಯನ್ನು ಮನೆಯಿಂದ ಹೊರಿಸಿ ತಂದಳು. ಬಣ್ಣ ಅಲ್ಲಲ್ಲಿ ಇನ್ನೂ ಹಸಿ. ಗದ್ದೆಯ ಇನ್ನೊಂದು ತುದಿಯ ಬದುವಿನಲ್ಲಿ ಎರಡು ತೆಂಗಿನ ಮರಗಳ ನಡುವೆ ಪಾತ್ರಧಾರಿಗಳೇ ಅದನ್ನು ಎಳೆದು ಕಟ್ಟಿದರು. ಬಣ್ಣದ ಕಾಡು ಜನರ ಕಡೆಗೆ, ಬರಿ ಬಟ್ಟೆ ಗದ್ದೆಯ ಕಡೆಗೆ.

ಜನ ಕೂತರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. "ಯಾವ ಸೀನು?" ಎಂದು ಒಬ್ಬ ಅಜ್ಜ ಕೇಳಿದ್ದಕ್ಕೆ ಪಕ್ಕದವರು "ಸುಮ್ಕಿರಜ್ಜ, ಸುರುವಾಯ್ತದೆ" ಅಂದರು.

ಮಾತು ನಿಲ್ಲಿಸದೆ ಇದ್ದವನು ಒಬ್ಬನೇ. ರಾಜಾಪಾರ್ಟಿಗೆ ಪಿಸುಮಾತು ಬರುವುದಿಲ್ಲ. ಅವನು ಗುಟ್ಟಾಗಿ ಹೇಳಿದ್ದು ಮೂರು ಗದ್ದೆ ದಾಟುತ್ತದೆ. "ಬಂತಾ?" ಎಂದು ಅವನು ಮೆಲ್ಲಗೆ ಕೇಳಿದಾಗ ತೆಂಗಿನ ಮರದ ಕಾಗೆಗಳು ಎದ್ದವು. ಅಕ್ಕ ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟು, ಬಾಯಿಗೆ ತುರುಕಿಕೋ ಎಂದು ಸನ್ನೆ ಮಾಡಿದಳು. ಅವನು ತನ್ನ ಟವೆಲನ್ನೇ ತುರುಕಿಕೊಂಡು ಕೂತ.

ಇಲ್ಲಿಂದ ಮುಂದೆ ನನ್ನ ನೆನಪು ನಂಬುವಂಥದ್ದಲ್ಲ.

ಆ ಸಂಜೆ ನಾಟಕದ ಟ್ರಯಲ್ ಇತ್ತು. ಹಾರ್ಮೋನಿಯಂ ಮೇಷ್ಟ್ರು ಶೀಳನೆರೆಯವರು, ಅವರನ್ನು ಬೈಕಿನಲ್ಲಿ ಕರೆತರುವುದು ನನ್ನ ಕೆಲಸ. ಪರದೆ ಕಟ್ಟುತ್ತಿದ್ದಾಗ ನಾನು ಬೈಕು ಹತ್ತಿದ್ದು ನೆನಪಿದೆ. ಪರದೆಯ ಮರೆಯಲ್ಲಿ ನಿಂತದ್ದೂ ನೆನಪಿದೆ. ನಡುವಿನ ದಾರಿ ನೆನಪಿಲ್ಲ. ಬೆಳಕಿರುವಾಗಲೇ ವಾಪಸು ಬಂದೆನೋ, ಎಲ್ಲ ಮುಗಿದ ಮೇಲೆ ಬಂದು ಯಾರ ಬಾಯಲ್ಲೋ ಕೇಳಿದ್ದನ್ನು ಕಣ್ಣಾರೆ ಕಂಡದ್ದಾಗಿ ಮಾಡಿಕೊಂಡೆನೋ. ಮೇಷ್ಟ್ರನ್ನು ಕೇಳೋಣವೆಂದರೆ ಅವರು ಈಗಿಲ್ಲ.

ಕತ್ತಲಾದ ಮೇಲೆ ಅಕ್ಕ ಟಾರ್ಚು ಹಿಡಿದು ಒಬ್ಬಳೇ ಹೋಗಿ ನೋಡಿದಳು. ಮಂಕರಿ ಖಾಲಿ. ಇದರಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಬೆಳಗ್ಗೆ ಕಟಾವಿನ ತಂಡದವರು, ಮಚ್ಚು ಕೆಳಗಿಟ್ಟಿದ್ದ ಆ ಹೆಂಗಸಿನ ಒತ್ತಾಯಕ್ಕೋ ಏನೋ, ಮೊದಲು ನಮ್ಮೂರಿಗೇ ಬಂದು ಆ ಮೂಲೆ ಕಡಿದುಕೊಟ್ಟು ಹೋದರು. ಅಲ್ಲೂ ಏನೂ ಸಿಗಲಿಲ್ಲ. ರಾಜಾಪಾರ್ಟು "ನರಿ ತಿಂದಿರ್ತದೆ" ಅಂದ. ಇನ್ನು ಕೆಲವರು, ನಿಮ್ಮಕ್ಕನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು ಅಂದರು. ನಾಗಮಂಗಲದ ನಾಟಕ ಚೆನ್ನಾಗಿ ಆಯಿತು, ಕಾಡಿನ ಪರದೆಗೆ ಚಪ್ಪಾಳೆಯೂ ಬಿತ್ತು. ಬೆಕ್ಕು ಹೋಗಿ ಚಿರತೆಯಾಯಿತು, ನರಿ ಕಥೆಯಿಂದ ಬಿಟ್ಟುಹೋಯಿತು, ಟವೆಲು ಗರ್ಜನೆಯಾಯಿತು.

ಚಿರತೆಯ ಕಥೆ ಕೇಳಿದ ಆ ದಿನ ಬಸ್ಸಿನಿಂದಿಳಿದು ನೇರ ಅಕ್ಕನ ಮನೆಗೆ ಹೋಗಿ ಅದನ್ನು ಹೇಳಿದ್ದೆ. ಅವಳು ಒಂದು ಮರಿ ಗೂಬೆಗೆ ಮಾಂಸದ ಚೂರು ತಿನ್ನಿಸುತ್ತಿದ್ದಳು.

"ಗರ್ಜಿಸಿದ್ನಂತಾ?" ಎಂದು ಕೈ ನಿಲ್ಲಿಸಿದಳು. "ಇಡೀ ಜಲ್ಮದಲ್ಲಿ ಅವ್ನು ಬಾಯ್ಮುಚ್ಕೊಂಡಿದ್ದು ಅದೊಂದೇ ದಿನ ಕಣೋ."

"ತಾಯಿ ಬಂದದ್ದು ನಾನು ನೋಡಿದೆ ಅಂತ ಎಲ್ಲರಿಗೂ ಹೇಳ್ತೀನಿ. ಮೂರನ್ನೂ ಒಂದೊಂದಾಗಿ ಎತ್ತಿಕೊಂಡು ಹೋಯ್ತು. ಪರದೆಯ ತೂತಿನಲ್ಲಿ ನೋಡಿದೆ."

"ನೀನೆಲ್ಲಿದ್ದೋ ಅಲ್ಲಿ? ಶೀಳನೆರೆಗೆ ಹೋಗಿದ್ದೆ. ಮತ್ತೆ ನನ್ ಪರದೇಲಿ ತೂತಾ? ಯಾರಾರ ತೂತು ಮಾಡಿದ್ರೆ ಕೈ ಮುರೀತಿದ್ದೆ."

"ನೀನು ನೋಡಿದೆಯಾ ಹಾಗಾದರೆ, ತಾಯಿನ?"

"ಇಲ್ಲ. ನಾನು ಜನದ ಕಡೆ ಮುಖ ಮಾಡ್ಕೊಂಡು ಕೂತಿದ್ದೆ, ಇವನ್ ಬಾಯಿ ಕಾಯ್ಕೊಂಡು. ಬುಟ್ಟಿ ಖಾಲಿ ಇತ್ತು, ರಕ್ತ ಇರ್ಲಿಲ್ಲ, ಒಂದು ಕೂದ್ಲೂ ಇರ್ಲಿಲ್ಲ. ನಂಗಷ್ಟು ಸಾಕು. ನನ್ ಪರವಾಗಿ ಸುಳ್ಳು ಸಾಕ್ಷಿ ಹೇಳೋಕೆ ಹೋಗ್ಬೇಡ."

ಅವಳಿಗೆ ಸಾಕು. ನನಗೆ ಸಾಲದು. ಚಿರತೆಯ ಕಥೆ ಹೇಳುವವರಿಗೆ ಸಾಕ್ಷಿ ಬೇಡ, ಕಂಠ ಇದ್ದರೆ ಸಾಕು. ಪೂರ್ತಿ ಊರನ್ನು ಒಂದು ಸಂಜೆ ಸುಮ್ಮನೆ ಕೂರಿಸಿದ ಹೆಂಗಸಿನ ಪರವಾಗಿ ಮಾತಾಡಬೇಕಾದರೆ ಮಾತ್ರ ನನ್ನಂಥವನು ತನ್ನ ಕಣ್ಣನ್ನೇ ಅಡ್ಡಪ್ರಶ್ನೆಗೆ ಒಡ್ಡಬೇಕು. ಆಗಲಿ, ಒಡ್ಡುತ್ತೇನೆ. ತಾಯಿ ಬಂದಿತ್ತು ಎಂದೇ ಹೇಳುತ್ತೇನೆ. ಅಲ್ಲಿದ್ದೆಯಾ ಎಂದರೆ ಗೊತ್ತಿಲ್ಲ ಎಂದೂ ಹೇಳುತ್ತೇನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಬಸ್ಸಿನಲ್ಲಿ ನಗುತ್ತಾರೆ. ನಗಲಿ.

ತಿಂಗಳ ಹಿಂದೆ ನಾಟಕದ ಸಾಮಾನು ಇಡುವ ಭಜನೆ ಮನೆಗೆ ಹೋದೆ. ಬೀಗ ತೆಗೆದುಕೊಟ್ಟವನು ರಾಜಾಪಾರ್ಟು. ತೂತು ಹುಡುಕುತ್ತಿದ್ದೇನೆ ಅಂದಾಗ ಅವನು ಮೊದಲು ನಕ್ಕ, ಆಮೇಲೆ ಬಾಗಿಲು ಮುಂದೆ ಮಾಡಿ ತನ್ನ ಪಿಸುಮಾತಿನಲ್ಲಿ ಹೇಳಿದ: "ನಿಮ್ಮಕ್ಕಂಗೆ ಏಳ್ಬ್ಯಾಡ ಕಣ್ಲಾ, ಆ ತೂತು ಮಾಡಿದ್ದು ನಾನೇ. ಪರದೆ ಏಳೋಕ್ ಮುಂಚೆ ಅದರ ಹಿಂದ್ಗಡೆ ಸಿಂಹಾಸನದ ಮ್ಯಾಲೆ ಕೂತಿರ್ತೀನಲ್ಲ, ಜನ ಎಷ್ಟ್ ಸೇರವ್ರೆ ಅಂತ ನೋಡದಿದ್ರೆ ಜೀವ ತಡೀತಿರ್ಲಿಲ್ಲ." ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಇಬ್ಬರೂ ಸೇರಿ ಪರದೆಯನ್ನು ಬಿಚ್ಚಿ ಗೋಡೆಗೆ ಇಳಿಬಿಟ್ಟೆವು. ತೂತು ಇದೆ. ನಾಲೆಯ ಏರಿಯ ಕಂದು ಬಣ್ಣದಲ್ಲಿ, ನನ್ನ ಹೊಟ್ಟೆಯ ಎತ್ತರಕ್ಕೆ. ನಿಂತು ನೋಡುವಂಥದ್ದಲ್ಲ. ಮೊಣಕಾಲೂರಿ ಕೂತರೆ ನನ್ನ ಕಣ್ಣಿಗೆ ಸರಿಯಾಗಿ ಬರುತ್ತದೆ.